ಇಲ್ಲದ ಚಿನ್ನದ ಜಗಳ

ಚಿನ್ನದ ಗಣಿಗಾಗಿ ಜಗಳವಾಡಲು ಗಣಿಯಲ್ಲಿ ಚಿನ್ನವಿರಬೇಕೆಂಬ ನಿಯಮವೇನೂ ಇಲ್ಲ. ಕೆನಡಾದ ಬ್ರೆ-ಎಕ್ಸ್ ಕಂಪೆನಿಯ ಕಥೆ ಓದಿದ ಮೇಲೆ ನಮಗೆ ಇದು ಖಚಿತವಾಗಿದೆ.

ಕ್ಯಾಲ್ಗರಿ ಪಟ್ಟಣದ ಈ ಪುಟ್ಟ ಕಂಪೆನಿ, ಬೋರ್ನಿಯೋ ದ್ವೀಪದ ಬುಸಾಂಗ್ ಎಂಬ ಕಾಡಿನಲ್ಲಿ ಅಪಾರ ಚಿನ್ನ ಕಂಡಿದ್ದೇವೆಂದು ಸಾರಿತು. ಪುಡಿಗಾಸಿನ ಷೇರು ಏರಿ ಏರಿ, ಕಂಪೆನಿಯ ಬೆಲೆ ಸುಮಾರು 600 ಕೋಟಿ ಕೆನಡಾ ಡಾಲರಾಯಿತು. ಒಂಟೇರಿಯೋದ ಉಪಾಧ್ಯಾಯರ ಪಿಂಚಣಿ ನಿಧಿಯೂ ಅದರಲ್ಲಿ ಹಣ ಹೂಡಿತು. ಪಿಂಚಣಿ ಎಂದೊಡನೆ ನಮ್ಮಂಥ ಗುಮಾಸ್ತರ ಎದೆ ಝಲ್ಲೆನ್ನುವುದು ಸಹಜವಷ್ಟೆ.

ನೆಲ ಕೊರೆದಾಗ ಬರುವ ಕಲ್ಲಿನ ಕಂಬವನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳುಹಿಸಿ, ಉಳಿದರ್ಧವನ್ನು ಮುಂದಿನ ತನಿಖೆಗೆ ಇಟ್ಟುಕೊಳ್ಳುವುದು ಗಣಿಯವರ ವಾಡಿಕೆ. ನಮ್ಮ ಕಛೇರಿಯ ಭಾಷೆಯಲ್ಲಿ ಅದು ಆಫೀಸ್ ಕಾಪಿ. ಬುಸಾಂಗಿನಲ್ಲಿ ಬಹುಮಟ್ಟಿಗೆ ಆಫೀಸ್ ಕಾಪಿಯೇ ಇಲ್ಲ! ಕಲ್ಲನ್ನೆಲ್ಲ ಪುಡಿಮಾಡಿ ಕಳುಹಿಸುತ್ತಿದ್ದರು. ಪರೀಕ್ಷೆಗೆ ಮುನ್ನ ಆ ಪುಡಿಗೆ ಹೊರಗಿನ ಚಿನ್ನದ ಕಣಗಳು ಬಂದು ಸೇರುತ್ತಿದ್ದವು.

ಅನುಮಾನಪಟ್ಟವರು ಇರಲಿಲ್ಲವೆಂದಲ್ಲ. ಆದರೆ ಷೇರುದಾರರ ನಡುವೆ ಅನುಮಾನಪಟ್ಟವನು ಹಗೆಯಾದ. ಕಲ್ಲಿನ ಮಾತು ಬಿಟ್ಟು ಅವನ ಹೊಟ್ಟೆಕಿಚ್ಚಿನ ಮಾತೇ ನಡೆಯಿತು. 1997ರ ಮಾರ್ಚ್ 19ರಂದು ಕಂಪೆನಿಯ ಭೂವಿಜ್ಞಾನಿ ಡಿ ಗುಸ್ಮಾನ್ ಹೆಲಿಕಾಪ್ಟರಿನಿಂದ ಬಿದ್ದು ಸತ್ತರು. ವಾರದೊಳಗೆ, ಜತೆಗೂಡಲು ಬಂದಿದ್ದ ಫ್ರೀಪೋರ್ಟ್ ಕಂಪೆನಿ ತಾನು ಕೊರೆದಲ್ಲಿ ಹೇಳಿಕೊಳ್ಳುವಷ್ಟು ಚಿನ್ನವಿಲ್ಲವೆಂದಿತು. ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಆಗಲೂ ಕೆಲವರದು ಒಂದೇ ಹಟ: ಗಣಿಯನ್ನು ಕಬಳಿಸಲು ಯಾರೋ ಹೂಡಿದ ಸಂಚು ಇದು! ಮೇ ತಿಂಗಳಲ್ಲಿ ಸ್ವತಂತ್ರ ತಜ್ಞರ ವರದಿ ಬಂದಾಗ ವಾದ ಮುಗಿಯಿತು. ಹಣ ಅದಕ್ಕೂ ಮೊದಲೇ ಮುಗಿದಿತ್ತು.

ಬೋರ್ನಿಯೋದ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ಷಡ್ಡಕರು ಇಲ್ಲೇ ಮಾಟುಂಗದಲ್ಲಿದ್ದಾರೆ. ಅವರ ತಾತ ಕೋಲಾರದ ಗಣಿಯಲ್ಲಿ ಲೆಕ್ಕ ಬರೆದವರು. ಆ ಗಣಿ 2001ರಲ್ಲೇ ಮುಚ್ಚಿತು. ಆದರೂ ಚಿನ್ನದ ಮಾತು ಬಂದರೆ ಷಡ್ಡಕರು ತಾವೇ ಸುರಂಗಕ್ಕಿಳಿದು ಬಂದವರಂತೆ ಮಾತನಾಡುತ್ತಾರೆ. ಮಗಳ ಓದಿಗೆಂದು ಕೂಡಿಟ್ಟ ಹಣವನ್ನೆಲ್ಲ ಈಗ ಒಂದು ಗಣಿ ಕಂಪೆನಿಯ ಷೇರಿಗೆ ಹಾಕಿದ್ದಾರೆ. ಆ ಗಣಿಯಲ್ಲಿ ಚಿನ್ನ ಎಷ್ಟೆಂಬ ಬಗ್ಗೆ ಎರಡು ಮಾತು ಹುಟ್ಟಿದೆ. ಹನ್ನೆರಡು ವರ್ಷದಿಂದ ಒಂದೇ ಲೋಕಲ್ ಗಾಡಿಯಲ್ಲಿ ಹೋಗಿಬರುತ್ತಿದ್ದ ಗೆಳೆಯರೊಬ್ಬರು, "ಅರ್ಧವನ್ನಾದರೂ ಮಾರಿಬಿಡಿ, ರಾಯರೆ" ಎಂದರಂತೆ. ಅಂದಿನಿಂದ ಇಬ್ಬರೂ ಬೇರೆ ಬೇರೆ ಗಾಡಿ ಹಿಡಿಯುತ್ತಾರೆ. ಅವರ ಮನೆಯ ಸತ್ಯನಾರಾಯಣ ಪೂಜೆಗೂ ಇವರು ಹೋಗಲಿಲ್ಲ.

ಕಳೆದ ಭಾನುವಾರ ನಾವು ಬುಸಾಂಗಿನ ಕಥೆಯನ್ನೆಲ್ಲ ಹೇಳಿ, "ನಿಮ್ಮ ಕಂಪೆನಿಯವರು ಆ ಉಳಿದರ್ಧ ಕಲ್ಲನ್ನು ಇಟ್ಟಿದ್ದಾರೆಯೇ, ಭಾವ?" ಎಂದು ಕೇಳಿದೆವು.

"ಓಹೋ, ನೀವೂ ಅವರ ಕಡೆಯೇ!" ಎಂದರು.

ಒಳಗಿನಿಂದ ಮಗಳು, "ಅಪ್ಪಾ, ಫೀಸು ಕಟ್ಟೋದಕ್ಕೆ ಇಪ್ಪತ್ತನೇ ತಾರೀಕು ಕೊನೆ" ಎಂದಳು. ಷಡ್ಡಕರು ಮೊಬೈಲು ತೆಗೆದು ಶುಕ್ರವಾರದ ಬೆಲೆಯನ್ನು ಮತ್ತೊಮ್ಮೆ ನೋಡತೊಡಗಿದರು.