ಆಯಿಲ್ ಕುಡಿಯೋ ಗಾಡಿ, ಸೀಟಿ ಕಟ್ಟಿದ ಕುಕ್ಕರು

ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಮನ್ಯಾಗ ಎರಡು ಎಣ್ಣಿ ಖರ್ಚು ಜಾಸ್ತಿ ಆದ್ವು. ಒಂದು ಚಕ್ಕಲಿ ಕರಿಯೋ ಎಣ್ಣಿ. ಅದು ಎಲ್ಲೆ ಹೋತು ಅಂತ ಚಕ್ಕಲಿ ಡಬ್ಬಿ ನೋಡಿದ್ರ ಗೊತ್ತಾಗತಿತ್ತು. ಇನ್ನೊಂದು ಕಾರಿನ ಎಂಜಿನ್ ಆಯಿಲ್. ಗಾಡಿ ಕೆಳಗ ಒಂದು ಹನಿನೂ ಬಿದ್ದಿರತಿರಲಿಲ್ಲ, ಆದ್ರ ತಿಂಗಳೊಪ್ಪತ್ತಿನಾಗ ಆಯಿಲ್ ಕಡ್ಡಿ ತೆಗದು ನೋಡಿದ್ರ ತುದಿಗೆ ಅಷ್ಟ ಹತ್ತಿರತಿತ್ತು.

ನಮ್ಮ ಗಾಡಿ ನಿಮಗೆಲ್ಲಾ ಗೊತ್ತದ. 2009ರ ಸಣ್ಣ ಪೆಟ್ರೋಲ್ ಗಾಡಿ, 1,30,000 ಕಿಲೋಮೀಟರ್ ಓಡೇದ. ಹಳೇದಾತು, ಮಾರಿಬಿಡ್ರಿ ಅಂತ ಹೇಳೋದು ಸಸಾರ. ಆದ್ರ ನಮ್ಮ ಅತ್ತಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ಆಗಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಹೋಗುವಾಗ ಮಾತಾಡಕೋತ ಹೋಗತಾರ. ಬರುವಾಗ ಬಿಪಿ ಇಳದು, ಕಣ್ಣಿಗೆ ಕತ್ತಲಿ ಬಂದು, ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಮಲಗತಾರ. ಬಸ್ಸಿನಾಗ ಅದು ಆಗೋ ಮಾತಲ್ಲ.

ನಮ್ಮ ಮನಿಯವರು ಗಾಡಿ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯ ಹುಡುಗ ಎಂಜಿನ್ ಚಾಲೂ ಇಟ್ಟು, ಆಯಿಲ್ ಹಾಕೋ ಮುಚ್ಚಳಾ ತೆಗದ. ಭಕ ಭಕ ಅಂತ ಹೊಗಿ ಬಂತು. "ನೋಡ್ರಿ ಸರ್, ರಿಂಗ್ ಹೋಗ್ಯಾವ. ಎಂಜಿನ್ ಪೂರಾ ಬಿಚ್ಚಬೇಕು, 45 ಸಾವಿರ" ಅಂದ. ಗಾಡಿ ಮಾರಿದ್ರ 70 ಬರೋದು ಕಷ್ಟ! ಅವತ್ತ ರಾತ್ರಿ ಮೊಮ್ಮಗಳ ಜಾವಳಕ್ಕ ಅಂತ ಇಟ್ಟಿದ್ದ ರೊಕ್ಕದ ಮಾತು ಬಂತು. ಒಳಗ ಮಲಗಿದ್ದ ಅತ್ತಿಯವರು ಅದನ್ನ ಕೇಳಿಸಿಕೊಂಡಾರ. ಮುಂಜಾನೆ ಚಹಾ ಕೊಡಲಿಕ್ಕೆ ಹೋದ್ರ, "ವಾರಕ್ಕ ಒಂದ ಸಲ ಮಾಡಿಸಿದ್ರೂ ನಡೀತದ ತಗೋ, ಡಾಕ್ಟರಿಗೆ ನಾನ ಹೇಳತೇನಿ" ಅಂದ್ರು. ನನಗ ಚಹಾದ ಬಟ್ಟಲಾ ಹಿಡಕೊಂಡು ನಿಂದ್ರಲಿಕ್ಕೆ ಆಗಲಿಲ್ಲ.

ಬಿಚ್ಚಸೂಕಿಂತ ಮೊದಲ ಖರೇನ ಎಷ್ಟು ಕುಡೀತದ ಅಂತ ನೋಡೂಣು ಅಂದೆ. ಹಾಲಿನ ಲೆಕ್ಕದ ಡೈರಿ ಹಿಂದಿನ ಪುಟದಾಗ ಬರೀಲಿಕ್ಕೆ ಶುರು ಮಾಡಿದೆ. ಗಾಡಿ ಸಪಾಟ ಜಾಗಾದಾಗ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ತೆಗದು ಒರಸಿ, ಮತ್ತ ಹಾಕಿ ತೆಗದು ನೋಡಬೇಕು. ಒರಸದ ನೋಡಿದ್ರ ಸುಳ್ಳು ಲೆಕ್ಕ ಬರತದ. ಮ್ಯಾಲಿನ ಗೆರಿ ದಾಟಿಸಿ ಹಾಕಬಾರದು, ಹೆಚ್ಚಾಗಿದ್ದೂ ಸುಟ್ಟು ಹೋಗತದ. ಕೆಳಗಿನ ಗೆರಿಗಿಂತ ಇಳಿಸಲೂ ಬಾರದು, ಎಂಜಿನ್ ಹಿಡಕೊಂಡು ಬಿಡತದ. ಮೂರು ವಾರಕ್ಕ 420 ಕಿಲೋಮೀಟರ್ ಆತು. ಮ್ಯಾಲಿನ ಗೆರಿಗೆ ತರಲಿಕ್ಕೆ ಅರ್ಧ ಲೀಟರ್ ಹಾಕಬೇಕಾತು.

ಆ ಡೈರಿ ತಗೊಂಡು ನಮ್ಮ ಓಣಿ ತುದಿಗೆ ಇರೋ ವಯಸ್ಸಾದ ಮೇಸ್ತ್ರಿ ಹತ್ರ ಹೋದ್ವಿ. ಎಲ್ಲಾರೂ ಅವರಿಗೆ ಚಾಚಾ ಅಂತಾರ. ಪುಟ ನೋಡಿ ನಕ್ಕು, "ಬಾಯಾರ, ಇಷ್ಟು ಬರಕೊಂಡು ಬಂದವರು ನೀವ ಮೊದಲ. ಎಂಜಿನ್ ಬಿಚ್ಚೋದು ಆಖೈರಿಗೆ. ಹೊಗಿ ಯಾವಾಗ ಬರತದ ನೋಡಕೊಂಡು ಬರ್ರಿ" ಅಂದ್ರು.

ಮರುದಿನ ಮುಂಜಾನೆ ಇವರು ಗಾಡಿ ಚಾಲೂ ಮಾಡಿದ್ರು, ನಾನು ರಂಗೋಲಿ ಡಬ್ಬಿ ಹಿಡಕೊಂಡು ಹಿಂದ ನಿಂತಿದ್ದೆ. ಮೊದಲ ಒಂದು ನೀಲಿ ಹೊಗಿ ಬುಸ್ ಅಂತ ಬಂತು, ಆಮ್ಯಾಲೆ ಸ್ವಚ್ಛ. ಮೈದುನನ ಮಗಾ ಸ್ಕೂಟರ್ ಮ್ಯಾಲೆ ಹಿಂದಿಂದ ಬಂದು ನೋಡಿದಾ. ಏರಿನಾಗ ಜೋರಾಗಿ ಒತ್ತಿದ್ರೂ ಹೊಗಿ ಭಾಳ ಇಲ್ಲ, ಇಳಕಲಾ ಇಳದು ಮತ್ತ ಒತ್ತಿದಾಗ ಸ್ವಲ್ಪ ನೀಲಿ ಬರತದ ಅಂದ. ಚಾಚಾ ಅದಕ್ಕ ಅರ್ಥ ಹೇಳಿದ್ರು. ನೀಲಿ ಅಂದ್ರ ಆಯಿಲ್ ಸುಡೋದು. ಕರಿ ಅಂದ್ರ ಪೆಟ್ರೋಲ್ ಹೆಚ್ಚಾಗಿದ್ದು. ದಟ್ಟ ಬಿಳಿ ಹೊಗಿ ನಿಂದ್ರಲಾರದ ಬಂದ್ರ ರೇಡಿಯೇಟರ್ ನೀರು ಒಳಗ ಹೊಂಟದ. ಏರಿನಾಗ ಒಂದೇ ಸಮ ನೀಲಿ ಬಂದ್ರ ರಿಂಗ್ ಮ್ಯಾಲೆ ಸಂಶಯ. ರಾತ್ರಿ ನಿಂತು ಮುಂಜಾನೆ ಒಮ್ಮೆ ಬಂದ್ರ, ಇಳಕಲಾ ಆದ ಮ್ಯಾಲೆ ಬಂದ್ರ, ವಾಲ್ವ್ ಸೀಲ್ ಸವದಾವ.

"ಹಂಗಾರ ಮುಚ್ಚಳದಿಂದ ಆ ಹೊಗಿ ಯಾಕ ಬಂತು?" ಅಂತ ಕೇಳಿದೆ. ಎಂಜಿನ್ ಒಳಗ ಪೆಟ್ರೋಲ್ ಉರದಾಗ ಹುಟ್ಟೋ ಗಾಳಿ ಪಿಸ್ಟನ್ನಿನ ರಿಂಗ್ ಸಂದಿಯೊಳಗಿಂದ ಸ್ವಲ್ಪ ಕೆಳಗ ಜಾರತದ, ಅದಕ್ಕ ಬ್ಲೋ-ಬೈ ಅಂತಾರ. ಹೊಸಾ ಗಾಡಿಯಾಗೂ ಸ್ವಲ್ಪ ಇರತದ. ಆ ಗಾಳಿ ಹೊರಗ ಹೋಗಲಿಕ್ಕೆ ಪಿಸಿವಿ ವಾಲ್ವ್ ಅಂತ ಒಂದು ಸಣ್ಣ ದಾರಿ ಇಟ್ಟಿರತಾರ. ಅದು ಆ ಗಾಳಿನ್ನ ತಿರಗಿ ಎಂಜಿನ್ ಬಾಯಿಗೆ ಒಯ್ದು ಸುಡತದ. ಆ ದಾರಿ ಕಟ್ಟಿದ್ರ ಒಳಗ ಒತ್ತಡ ಏರಿ, ಗಾಳಿ ಆಯಿಲ್ ಹೊತ್ತುಕೊಂಡು ಸಿಕ್ಕ ಕಡೆ ನುಗ್ಗತದ.

ನನಗ ಆಗ ತಟ್ಟನ ತಿಳೀತು. ಕುಕ್ಕರಿನ ಸೀಟಿ ತೂತಿನಾಗ ಬ್ಯಾಳಿ ಕಟ್ಟಿದ್ರ ಹಬೆ ರಬ್ಬರ್ ಪಕ್ಕದಿಂದ ಬುಸುಗುಡತದಲ್ಲಾ, ಹಂಗ. ಸೀಟಿ ನೋಡದ ರಬ್ಬರ್ ಬದಲಾಯಿಸಿದವರು ನಮ್ಮೊಳಗ ಎಷ್ಟು ಮಂದಿ ಇದ್ದೀವಿ ಹೇಳ್ರಿ?

ಚಾಚಾ ಏರ್ ಫಿಲ್ಟರ್ ತೆಗದ್ರು, ಹಪ್ಪಳ ಕರದು ಇಟ್ಟ ಪೇಪರಿನಂಗ ಎಣ್ಣಿ ಹೀರಿತ್ತು. ಪಿಸಿವಿ ವಾಲ್ವ್ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿದ್ರು. ಒಳಗ ಟಕ ಟಕ ಅನಬೇಕಿತ್ತು, ಸಪ್ಪಳನ ಇಲ್ಲ. ಕರೀ ಜಿಗಟ ತುಂಬಿತ್ತು.

ಅಷ್ಟಕ್ಕ ಬಿಡಲಿಲ್ಲ ಅವರು. ಪ್ಲಗ್ ತೆಗದು ಕಂಪ್ರೆಶನ್ ಮೀಟರ್ ಹಚ್ಚಿದ್ರು. ಮೂರು ಸಿಲಿಂಡರಿಗೆ 160, 155, 150 ಬಂತು. ಆಮ್ಯಾಲೆ ಪ್ಲಗ್ ತೂತಿನಾಗ ಒಂದೊಂದು ಚಮಚಾ ಆಯಿಲ್ ಬಿಟ್ಟು ಮತ್ತ ನೋಡಿದ್ರು. ರಿಂಗ್ ಭಾಳ ಸವದಿದ್ರ ಆ ಆಯಿಲ್ ಸಂದಿ ಮುಚ್ಚಿ ನಂಬರ್ ಜೋರಾಗಿ ಏರತದಂತ. ನಮ್ಮದು ಏರಿದ್ದು ಐದಾರು ಅಷ್ಟ. "ರಿಂಗ್ ಹೊಸಾವೇನಲ್ಲ, ಆದ್ರ ಬಿಚ್ಚೋವಂಗ ಇಲ್ಲ" ಅಂದ್ರು.

ಆಮ್ಯಾಲೆ ಇವರನ್ನ ಕೇಳಿದ್ರು, "ಸಾಹೇಬ್ರ, ಆಯಿಲ್ ಬದಲಿ ಮಾಡಿಸಿ ಎಷ್ಟು ದಿನಾ ಆತು?" ಇವರು ನನ್ನ ಮಾರಿ ನೋಡಿದ್ರು, ಮಾತಾಡಲಿಲ್ಲ. ನಾನ ಹೇಳಬೇಕಾತು. ಎರಡು ವರ್ಷದ ಹಿಂದ ಇವರು ರಿಟೈರ್ ಆದಾಗ, "ಹೆಂಗೂ ಮ್ಯಾಲೆ ಮ್ಯಾಲೆ ಹೊಸಾ ಆಯಿಲ್ ಹಾಕೇ ಹಾಕತೀವಿ, ಸರ್ವಿಸಿಂಗಿಗೆ ಯಾಕ ಸುಮ್ಮನ ರೊಕ್ಕ ಚೆಲ್ಲೋದು" ಅಂದಾಕಿ ನಾನು. ಕರದ ಎಣ್ಣಿಗೇ ಹೊಸಾ ಎಣ್ಣಿ ಬೆರಸಿ ಕರೀಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಾಕಿ ನಾನ, ಗಾಡಿಯಾಗ ಅದನ್ನ ಮಾಡಿಸಿದ್ದೆ. ಹಳೇ ಆಯಿಲ್ ಜಿಗಟಾಗಿ ಆ ಸಣ್ಣ ದಾರಿ ಕಟ್ಟಿತ್ತು. ಆ ಗ್ಯಾರೇಜಿನ ಹುಡುಗನ್ನ ಮನಸಿನಾಗ ಕಳ್ಳ ಅಂತ ಬೈದಿದ್ದೆ. ಅಂವಾ ಪೂರ್ತಿ ನೋಡಿರಲಿಲ್ಲ, ಅಷ್ಟ ಅವನ ತಪ್ಪು.

ಪಿಸಿವಿ ವಾಲ್ವ್, ಬಿರಕು ಬಿಟ್ಟಿದ್ದ ಒಂದು ಹೋಸ್ ಪೈಪು, ಏರ್ ಫಿಲ್ಟರ್, ಹೊಸಾ ಆಯಿಲ್, ಆಯಿಲ್ ಫಿಲ್ಟರ್, ಚಾಚಾನ ಕೂಲಿ, ಎಲ್ಲಾ ಸೇರಿ 4,200 ರೂಪಾಯಿ ಆತು.

ಗಾಡಿ ಹೊಸದಾತು ಅಂತ ಹೇಳೂದಿಲ್ಲ. ವಾಲ್ವ್ ಸೀಲ್ ಹಂಗ ಅದಾವ, ಮುಂಜಾನೆ ಒಮ್ಮೆ ನೀಲಿ ಹೊಗಿ ಬಿಟ್ಟ ಮುಂದ ಹೋಗತದ. ಆದ್ರ ಈಗ 1,000 ಕಿಲೋಮೀಟರಿಗೆ 200 ಮಿಲಿ ಸಾಕು. ಚಾಚಾ ಲೆಕ್ಕ ಬರಿಯೋದು ಬಿಡಬ್ಯಾಡ್ರಿ, ಒಮ್ಮಿಂದೊಮ್ಮೆ ಏರಿದ್ರ ಬರ್ರಿ ಅಂದಾರ.

ನಿಮ್ಮ ಮನಿ ಗಾಡಿ ಆಯಿಲ್ ಕುಡೀತಿದ್ರ, ಬಿಚ್ಚಸೂಕಿಂತ ಮೊದಲ ಒಂದು ತಿಂಗಳು ಬರದು ಇಡ್ರಿ, ಮುಂಜಾನೆ ಹೊಗಿ ನೋಡ್ರಿ, ಪಿಸಿವಿ ವಾಲ್ವ್ ನೋಡಿ ಕಂಪ್ರೆಶನ್ ಮಾಡ್ರಿ ಅಂತ ಬಾಯಿ ಬಿಟ್ಟು ಕೇಳ್ರಿ. ಚಾಲೂ ಇದ್ದ ಎಂಜಿನ್ ಹತ್ರ ಬಗ್ಗುವಾಗ ಸೆರಗ ಬಿಗದು ಸಿಗಿಸಿಕೊಳ್ರಿ, ಬೆಲ್ಟು ಫ್ಯಾನು ತಿರಗತಿರತಾವ.

ಅತ್ತಿಯವರು ವಾರಕ್ಕ ಎರಡು ಸಲನ ಹೋಗತಾರ. ನಿನ್ನೆ ಗಾಡಿ ಹತ್ತುವಾಗ, "ಇವತ್ತ ಎಣ್ಣಿ ನೋಡಿದ್ಯೋ ಇಲ್ಲೋ?" ಅಂತ ನನ್ನನ್ನ ಕೇಳಿದ್ರು. ನೋಡೇನ್ರಿ ಅತ್ತಿ, ಅಂದೆ.