ಕುರ್ಲಾದ ಗಲ್ಲಿಯಲ್ಲಿ ಮೈಸೂರಿನ ಯೆಜ್ಡಿ

ಕುರ್ಲಾ ಎಂಬ ಹೆಸರು ಬಂದಿದ್ದು ಏಡಿಯಿಂದ ಎನ್ನುತ್ತಾರೆ. ಕೊಂಕಣಿ ಬಲ್ಲವರಿಗೆ ‘ಕುರ್ಲಿ’ ಎಂದರೆ ಏನೆಂದು ಹೇಳಬೇಕಿಲ್ಲ. ಈಗ ಇಲ್ಲಿ ಏಡಿಯೂ ಇಲ್ಲ, ಏಡಿ ಓಡಾಡುವಷ್ಟು ಜಾಗವೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕುರ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಬಿಕೆಸಿಗೆ ಹೋಗುವ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ನಾನೂ ಹಾಗೆ ನಿಲ್ಲುವವರಲ್ಲಿ ಒಬ್ಬ. ಮಿಠಿ ನದಿಯ ಆಚೆ ಗಾಜಿನ ಕಟ್ಟಡದಲ್ಲಿ ಸರ್ವರ್‌ಗಳು ಯಾಕೆ ನಿಧಾನವಾದವು ಎಂದು ಹುಡುಕುವುದು ನನ್ನ ಕೆಲಸ.

ನಮ್ಮ ಕಡೆಯವರಿಗೆ ಕುರ್ಲಾ ಅಪರಿಚಿತವಲ್ಲ. ಪೂರ್ವದಲ್ಲಿ ಬಂಟರ ಭವನವಿದೆ. ಮದುವೆಗೋ ಯಕ್ಷಗಾನಕ್ಕೋ ಅಲ್ಲಿಗೆ ಹೋಗದ ಕರಾವಳಿಯ ಮುಂಬಯಿಕರ್ ಕಡಿಮೆ. ಸ್ವಲ್ಪ ಮುಂದೆ ಲೋಕಮಾನ್ಯ ತಿಲಕ್ ಟರ್ಮಿನಸ್. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಊರು ಅಂದರೆ ಮತ್ಸ್ಯಗಂಧ, ಮತ್ಸ್ಯಗಂಧ ಅಂದರೆ ಕುರ್ಲಾ ಎಂದಾಯಿತು. ಹಲಸಿನ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ ಡಬ್ಬ, ಎಲ್ಲವೂ ಅದೇ ರೈಲಿನಲ್ಲಿ ಇಳಿಯುತ್ತವೆ. ಹೋದ ವರ್ಷ ಅಪ್ಪನ ಯೆಜ್ಡಿಯೂ ಹಾಗೆಯೇ ಇಳಿಯಿತು. ಉಡುಪಿಯಲ್ಲಿ ಪೆಟ್ರೋಲ್ ಪೂರ್ತಿ ಬಸಿದು, ಗೋಣಿ ಸುತ್ತಿ ಹೊಲಿದು, ಪಾರ್ಸೆಲ್ ಚೀಟಿ ಅಂಟಿಸಿ ಕಳಿಸಿದ್ದರು.

ಅದು 1989ರ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಅಲ್ಲಿ ಬೈಕುಗಳ ತಯಾರಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಊರಿನ ನೆನಪಿನ ಹೆಸರು ಅದು, ಯಾಕೆಂದರೆ ಕಂಪನಿ ಕಟ್ಟಿದ ಕುಟುಂಬ ಪಾರಸಿಗಳದ್ದು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಇಂದಿನ ಹುಡುಗರಿಗೆ ಇದನ್ನು ತೋರಿಸಿದರೆ ಕಣ್ಣರಳಿಸುತ್ತಾರೆ.

ಅಪ್ಪನಿಗೀಗ ಮೊಣಕಾಲು ನೋವು, ಕಿಕ್ ಹೊಡೆಯಲಾಗುವುದಿಲ್ಲ. ಉಡುಪಿಯಲ್ಲಿ ಕೊಳ್ಳುವವರೊಬ್ಬರು ತಯಾರಿದ್ದರು. “ನೀನು ಓಡಿಸುವುದಾದರೆ ಇಟ್ಟುಕೋ, ಸುಮ್ಮನೆ ನಿಲ್ಲಿಸಿಡುವುದಾದರೆ ಬೇಡ” ಎಂದು ಅಪ್ಪ ಹೇಳಿದ್ದರು. ಇನ್ನೊಂದು ಗಡುವೂ ಇತ್ತು. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಎನ್‌ಒಸಿ ತಂದು ಮಹಾರಾಷ್ಟ್ರದ ನಂಬರ್ ಪಡೆಯಬೇಕು. ಅಷ್ಟೆಲ್ಲ ಖರ್ಚು, ಓಡಾಟ ಮಾಡುವ ಮೊದಲು ಗಾಡಿ ಸರಿಯಾಗಿ ಓಡುತ್ತದೆಯೇ ಎಂದು ತಿಳಿಯಬೇಕಿತ್ತು.

ಸರಿಯಾಗಿ ಓಡುತ್ತಿರಲಿಲ್ಲ. ನೆಹರೂ ನಗರದ ಒಳರಸ್ತೆಗಳಲ್ಲಿ ಯಾವ ತಕರಾರೂ ಇಲ್ಲ, ಮಗುವಿನ ಹಾಗೆ ಹೋಗುತ್ತದೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಗೆ ಏರಿ, ವೇಗ 60 ದಾಟಿ, ಹಾಗೇ ಒಂದಷ್ಟು ದೂರ ಹೋದರೆ ತಡವರಿಸಲು ಶುರು. ಥ್ರಾಟಲ್ ತಿರುಗಿಸಿದರೆ ಮುಂದೆ ಹೋಗುವ ಬದಲು ಹಿಂದಕ್ಕೆ ಎಳೆದಂತಾಗುತ್ತದೆ. ಥ್ರಾಟಲ್ ಬಿಟ್ಟು ನಿಧಾನ ಮಾಡಿದರೆ ಅರ್ಧ ನಿಮಿಷದಲ್ಲಿ ಮತ್ತೆ ಸರಿ. ವಿಕ್ರೋಲಿಯ ಹತ್ತಿರ ಒಮ್ಮೆ ಹೀಗಾದಾಗ ಹಿಂದೆ ಡಂಪರ್ ಇತ್ತು. ಅದರ ಹಾರನ್ ಈಗಲೂ ಕಿವಿಯಲ್ಲಿದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಇಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಗೇ ಬೆರೆತು ಬರುತ್ತದೆ. ಪೆಟ್ರೋಲ್ ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ವೇಗದಲ್ಲಿರುವಾಗ ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ಲಾಕ್. ಹಾಗಾಗಿ ಹೆದ್ದಾರಿಯಲ್ಲಿ ನನ್ನ ಎಡಗೈ ಯಾವಾಗಲೂ ಕ್ಲಚ್ ಮೇಲೇ ಇರುತ್ತಿತ್ತು.

ಮೊದಲು ತೋರಿಸಿದ ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಓಡಿಸಿಯೂ ನೋಡದೆ “ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿ” ಎಂದರು. ಲಾಗ್ ನೋಡದೆ ಸರ್ವರ್ ಬದಲಿಸಿ ಎನ್ನುವವರನ್ನು ದಿನವೂ ನೋಡುವ ನಾನು ನಮಸ್ಕಾರ ಹೇಳಿ ಹೊರಟೆ. ಆಮೇಲೆ ಹೋದದ್ದು ಸಿಎಸ್‌ಟಿ ರಸ್ತೆಗೆ. ಹೊಸಬರು ಗಮನಿಸಿ, ಇದು ಸ್ಟೇಷನ್ ಅಲ್ಲ. ಕುರ್ಲಾದಿಂದ ಕಲೀನಾ ಕಡೆಗೆ ಹೋಗುವ ರಸ್ತೆ. ಎರಡೂ ಬದಿಗೆ ಹಳೆಯ ಗಾಡಿಗಳ ಬಿಡಿಭಾಗ, ಗುಜರಿ, ವೆಲ್ಡಿಂಗ್, ಟಿಂಕರಿಂಗ್. ಬಾಗಿಲು ಒಂದು ಕಡೆ, ಬಾನೆಟ್ ಇನ್ನೊಂದು ಕಡೆ, ನಡುವೆ ಚಹಾದ ಹುಡುಗ.

ಕುರ್ಲಾಕ್ಕೆ ಗಾಡಿಗಳ ಸಹವಾಸ ಹಳೆಯದು. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೊಂಬಾಯಿ ವಿ.ಟಿ.ಯಿಂದ ಓಡಿ ಬಂದದ್ದು ಇದೇ ಕುರ್ಲಾಕ್ಕೆ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರ್ಖಾನೆಯೂ ಇಲ್ಲೇ ಇತ್ತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಹುಟ್ಟಿದ್ದು ಇಲ್ಲಿ. ಆ ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಇದೆ. ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಗಾಡಿ ಬಿಚ್ಚಿ ಕಟ್ಟುವ ಕೈಗಳು ಮಾತ್ರ ಗಲ್ಲಿಗಳಲ್ಲಿ ಉಳಿದಿವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮಿಠಿ ಉಕ್ಕಿದಾಗ ಈ ಭಾಗವೆಲ್ಲ ಮುಳುಗಿತ್ತು. ನಾನು ಹೋದ ಗ್ಯಾರೇಜಿನ ಗೋಡೆಯ ಮೇಲೆ ಆ ನೀರಿನ ಗುರುತಿಗೆ ಬಣ್ಣದ ಗೆರೆ ಎಳೆದಿದ್ದಾರೆ. ಅದು ನನ್ನ ಎದೆಗಿಂತ ಮೇಲಿದೆ.

ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ಅವರು ಸ್ಪ್ಯಾನರ್ ಎತ್ತಲಿಲ್ಲ, ಸ್ಟೂಲ್ ಎಳೆದು ಕೂತು ಪ್ರಶ್ನೆ ಕೇಳತೊಡಗಿದರು. ತಡವರಿಸುವಾಗ ಎಂಜಿನ್ ಸದ್ದು ಏರುತ್ತದೋ, ಇಳಿಯುತ್ತದೋ? ಇಳಿಯುತ್ತದೆ. ಹಾಗಾದರೆ ಕ್ಲಚ್ ಜಾರುತ್ತಿಲ್ಲ. ಕ್ಲಚ್ ಜಾರಿದರೆ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಸ್ವಿಚ್ ಆಫ್ ಮಾಡಿದಂತೆ ಫಟ್ ಎಂದು ಕಟ್ ಆಗುತ್ತದೋ, ದಮ್ಮು ಕಟ್ಟಿದ ಹಾಗೋ? ದಮ್ಮು ಕಟ್ಟಿದ ಹಾಗೆ. ಹಾಗಾದರೆ ಕಾಯಿಲ್, ಕಂಡೆನ್ಸರ್ ಆಮೇಲೆ ನೋಡೋಣ, ಮೊದಲು ಪೆಟ್ರೋಲ್. ಕೊನೆಗೆ ಕೇಳಿದ್ದು: “ಟಂಕಿ ಫುಲ್ ಥೀ ಯಾ ಆಧೀ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇತ್ತು. ಕೆಲಸದ ಅಭ್ಯಾಸದಿಂದ ಪ್ರತಿ ಸವಾರಿಯನ್ನೂ ಮೊಬೈಲಿನಲ್ಲಿ ಬರೆದಿಟ್ಟಿದ್ದೆ. ಟ್ಯಾಂಕ್ ತುಂಬಿಸಿದ ದಿನ ಎರಡು ಮೂರು ಕಿಲೋಮೀಟರಿಗೇ ತೊಂದರೆ, ಅರ್ಧ ಇದ್ದ ದಿನ ಏಳೆಂಟು ಕಿಲೋಮೀಟರ್ ಆದ ಮೇಲೆ. ಚಾಚಾ ನಕ್ಕು ಪೆಟ್ರೋಲ್ ಪೈಪ್ ಕಳಚಿ, ಖಾಲಿ ನೀರಿನ ಬಾಟಲಿಗೆ ಬಿಟ್ಟು ಕೊಳಾಯಿ ತಿರುಗಿಸಿದರು. ಮೊದಲು ಧಾರಾಳವಾಗಿ ಬಿತ್ತು. ಒಂದು ಲೋಟದಷ್ಟು ಬೀಳುವ ಹೊತ್ತಿಗೆ ಧಾರೆ ನೂಲಿನಂತಾಯಿತು. ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಫುಸ್ ಎಂದು ಗಾಳಿ ಒಳಗೆ ಹೋಯಿತು, ಧಾರೆ ಮತ್ತೆ ದಪ್ಪವಾಯಿತು.

ವಿಷಯ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಅದಕ್ಕೆ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಅದು ಮುಕ್ಕಾಲು ಮುಚ್ಚಿತ್ತು. ನಿಧಾನವಾಗಿ ಹೋಗುವಾಗ ಎಂಜಿನ್ ಕುಡಿಯುವ ಪೆಟ್ರೋಲಿಗೆ ಆ ಸ್ವಲ್ಪ ಗಾಳಿ ಸಾಕು. ವೇಗ ಹೆಚ್ಚಿದರೆ ಸಾಲದು. ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಪೆಟ್ರೋಲನ್ನು ಹಿಡಿದಿಡುತ್ತದೆ. ಟ್ಯಾಂಕ್ ತುಂಬಿದ್ದರೆ ಒಳಗಿನ ಗಾಳಿಯ ಜಾಗ ಕಡಿಮೆ, ಆದ್ದರಿಂದ ನಿರ್ವಾತ ಬೇಗ ಬೆಳೆಯುತ್ತದೆ.

ಮುಚ್ಚಳ ಬಿಚ್ಚಿದಾಗ ರಂಧ್ರದಲ್ಲಿ ಸಿಕ್ಕಿದ್ದು ತುಕ್ಕು, ಧೂಳು ಮತ್ತು ಒಣಗಿ ಕಲ್ಲಾದ ಬಿಳಿ ಪಾಲಿಶ್. ಮೂವತ್ತು ವರ್ಷ ಪ್ರತಿ ಭಾನುವಾರ ಅಪ್ಪ ಆ ಮುಚ್ಚಳವನ್ನು ಮುಖ ಕಾಣುವ ಹಾಗೆ ಉಜ್ಜಿದ್ದಾರೆ. ಗಿಟಾರಿನ ತಂತಿಯ ತುಂಡೊಂದನ್ನು ತೂರಿಸಿ ಚಾಚಾ ಅದನ್ನು ತೆಗೆದರು.

ಅಲ್ಲಿಗೇ ಎಲ್ಲ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಹೆದ್ದಾರಿಯಲ್ಲಿ 60 ಸಲೀಸಾಗಿ ದಾಟಿತು, ತಡವರಿಕೆ ಇಲ್ಲ. ಆದರೆ 70ರ ಹತ್ತಿರ ಭಾರವಾಗಿ ಅಲ್ಲೇ ನಿಂತಿತು. ಚಾಚಾ ಹೇಳಿಕೊಟ್ಟಂತೆ, ಎಡಬದಿಯ ಖಾಲಿ ಜಾಗ ನೋಡಿಕೊಂಡು, ಪೂರ್ತಿ ಥ್ರಾಟಲ್‌ನಲ್ಲಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಪೆಟ್ರೋಲ್ ಸಾಲದಿದ್ದರೆ ಪ್ಲಗ್ ತುದಿ ಬೆಳ್ಳಗಿರುತ್ತದೆ, ಸರಿ ಇದ್ದರೆ ಇಟ್ಟಿಗೆಯ ಕಂದು. ಇದು ಕಪ್ಪು ಮಸಿ. ಅಂದರೆ ಈಗ ಪೆಟ್ರೋಲ್ ಬರುತ್ತಿದೆ, ಹೊಗೆ ಹೊರಗೆ ಹೋಗುತ್ತಿಲ್ಲ. ಟೂ ಸ್ಟ್ರೋಕ್ ಎಂಜಿನ್ ಎಣ್ಣೆ ಸುಡುವುದರಿಂದ ಸೈಲೆನ್ಸರಿನ ಒಳಗೆ ಇಂಗಾಲ ಕಟ್ಟುತ್ತದೆ. ಹಳೆಯ ಹೊಗೆ ಹೊರಗೆ ಹೋಗದಿದ್ದರೆ ಸಿಲಿಂಡರಿಗೆ ಹೊಸ ಮಿಶ್ರಣ ಬರಲು ಜಾಗವಿಲ್ಲ.

ಎರಡೂ ಸೈಲೆನ್ಸರಿನ ಒಳಕೊಳವೆಗಳನ್ನು ಎಳೆದು ತೆಗೆದಾಗ ಒಂದರ ಅರ್ಧಕ್ಕರ್ಧ ತೂತುಗಳು ಮುಚ್ಚಿದ್ದವು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಬೆಂಕಿಗೆ ಹಿಡಿದು, ತಂತಿ ಬ್ರಷ್ಷಿನಿಂದ ಉಜ್ಜಿದರು. ಬಿದ್ದ ಮಸಿ ಒಂದು ಚಹಾ ಲೋಟದಷ್ಟು. ಎರಡು ದಿನದ ಕೆಲಸಕ್ಕೆ ಚಾಚಾ ತೆಗೆದುಕೊಂಡದ್ದು ನಾನು ತಿಂಗಳಿಗೆ ಮೊಬೈಲಿಗೆ ಹಾಕುವ ರೀಚಾರ್ಜಿನಷ್ಟು. ಹೊಸ ಬಿಡಿಭಾಗ ಎಂದರೆ ಪೆಟ್ರೋಲ್ ಪೈಪ್ ಒಂದೇ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ರಬ್ಬರಿಗೆ ಹಿಡಿಸುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ತುಂಬಾ ದಿನ ನಿಲ್ಲಿಸುವುದಾದರೆ ಬಸಿದುಬಿಡಿ ಎಂದರು.

ನಿಮ್ಮ ಮನೆಯಲ್ಲೂ ವೇಗದಲ್ಲಿ ತಡವರಿಸುವ ಹಳೆಯ ಗಾಡಿ ಇದ್ದರೆ ಕಾರ್ಬುರೇಟರ್ ಕೊಳ್ಳುವ ಮೊದಲು ಬಾಟಲಿಯ ಪರೀಕ್ಷೆ ಮಾಡಿ ನೋಡಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಕಾರಣ ತಿಳಿಯುವುದಿಲ್ಲ.

ಉಡುಪಿಯ ಗಿರಾಕಿಗೆ ಬೇಡ ಎಂದು ಹೇಳಿ, ಎನ್‌ಒಸಿಗೆ ಅರ್ಜಿ ಹಾಕಿದ್ದೇನೆ. ಅಪ್ಪನಿಗೆ ಫೋನಿನಲ್ಲಿ ಮುಚ್ಚಳದ ಕಥೆಯನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾಲಿಶ್ ಡಬ್ಬ ಸೀಟಿನ ಕೆಳಗೇ ಇತ್ತಲ್ಲ, ಕಳಿಸಿದ್ದೆ. ಸಿಕ್ಕಿತಾ?” ಎಂದು ಕೇಳಿದರು. ಸಿಕ್ಕಿದೆ. ಅದರ ಪಕ್ಕದಲ್ಲಿ ಈಗ ಗಿಟಾರ್ ತಂತಿಯ ತುಂಡೂ ಇದೆ.