ಯಾವ ಮಂದಿ ನೀವು?

ಬೆನ್ನಿಗೆ ಚೀಲ ಕಟ್ಟಿಕೊಂಡು ಊರು ಬಿಡುವುದು ನಮ್ಮವರಿಗೆ ಹೊಸದಲ್ಲ. ನಮ್ಮ ಅಪ್ಪ ಅವ್ವ ವರ್ಷಾ ವರ್ಷ ಗುಳೆ ಹೋದವರು. ಗಂಟಿನಲ್ಲಿ ಜೋಳದ ಹಿಟ್ಟು, ಒಂದು ಕೌದಿ, ಎರಡು ತಾಟು, ಬಗಲಲ್ಲಿ ಕೂಸು. ಬೆಂಗಳೂರಿನ ಕಟ್ಟಡಗಳ ನೆತ್ತಿಯ ಮೇಲೆ ಇಟ್ಟಿಗೆ ಹೊತ್ತು ನಿಂತು ಆ ಊರನ್ನು ನೋಡಿದವರು. ಅದನ್ನು ಪ್ರವಾಸ ಅಂತ ಯಾರೂ ಬರೆಯಲಿಲ್ಲ. ಹೊಟ್ಟೆಗಿಲ್ಲದೆ ತಿರುಗಿದರೆ ಗುಳೆ, ಹೊಟ್ಟೆ ತುಂಬಿದ ಮೇಲೆ ತಿರುಗಿದರೆ ಪ್ರವಾಸ. ನಮ್ಮ ಮನೆತನಗಳಲ್ಲಿ ಸುಮ್ಮನೆ ನೋಡಿ ಬರಲಿಕ್ಕೆ ಅಂತ ಊರು ಬಿಟ್ಟವರಲ್ಲಿ ನಾವೇ ಮೊದಲಿಗರು. ನಾವೆಂದರೆ ಇಬ್ಬರು, ರಾಯಚೂರು ಸೀಮೆಯ ಒಂದೇ ಮಾದಿಗಕೇರಿಯ ಗೆಳೆಯರು.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುವಾಗ ಫ್ರಾನ್ಸಿನ ಒಬ್ಬ ಹುಡುಗ ಗಂಟುಬಿದ್ದ. ಇಪ್ಪತ್ತೆರಡರ ಪ್ರಾಯ. ಅವನ ಬೆನ್ನ ಚೀಲ ಅವನ ತಲೆಗಿಂತ ಎತ್ತರ. ಮಿರ್ಚಿ ಕಚ್ಚಿ ಕಣ್ಣೀರು ಹಾಕಿದ, ಇನ್ನೊಂದು ಬೇಕೆಂದ. ನಮ್ಮ ಮುರುಕು ಇಂಗ್ಲಿಷು, ಅವನ ಮುರುಕು ಇಂಗ್ಲಿಷು, ಎರಡೂ ಸೇರಿ ಒಂದು ಭಾಷೆ ಆಯಿತು. ಮೂವರೂ ಹಂಪಿ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅವನಿಗೆ ಸೀಟು ಬಿಟ್ಟುಕೊಟ್ಟರು. ಯಾವ ದೇಶ, ಮದುವೆ ಆಗೈತೇನು, ಅಲ್ಲಿ ಏನು ಬೆಳೀತಾರ, ಎಲ್ಲ ಕೇಳಿದರು. ಆಮೇಲೆ ಪೇಟಾ ಸುತ್ತಿದ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, "ನೀವು ಯಾವೂರು ತಮ್ಮಾ?" ಅಂದರು. ಹೇಳಿದೆವು. "ಯಾವ ಮಂದಿ ನೀವು?" ಅಂದರು. ಅದನ್ನೂ ಹೇಳಿದೆವು. ಹಿರಿಯರು ಬಯ್ಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿದರು. ಮಾತು ಅಲ್ಲಿಗೆ ನಿಂತಿತು. ಫ್ರಾನ್ಸಿನವನಿಗೆ ಹತ್ತು ಪ್ರಶ್ನೆ, ನಮಗೆ ಎರಡೇ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಬಡವರನ್ನು 2011ರ ಜುಲೈನಲ್ಲಿ ಜೆಸಿಬಿ ತಂದು ಎಬ್ಬಿಸಿದರು. ಈಗ ಮಂಟಪಗಳು ಖಾಲಿ. ಬಾಳೆಹಣ್ಣು ಮಾರುವ ಮುದುಕಿಯೊಬ್ಬಳು ಒಂದು ಕಂಬ ತೋರಿಸಿ, "ಅಲ್ಲೇ ನನ್ನ ಒಲಿ ಇತ್ತು" ಅಂದಳು. ಹುಡುಗ ಅರ್ಥ ಕೇಳಿದ, ಹೇಳಿದೆವು. ಅವನು ಕಂಬದ ಫೋಟೋ ತೆಗೆಯಲು ಎತ್ತಿದ ಕ್ಯಾಮೆರಾ ಇಳಿಸಿದ. ಪರಂಪರೆ ಅಂದರೆ ಸತ್ತ ರಾಜರದ್ದು ಮಾತ್ರವೇ? ಬದುಕಿದ್ದವಳ ಒಲೆ ಯಾವ ಲೆಕ್ಕಕ್ಕೆ ಬಂತು?

ದಾರಿಯ ಬಂಡೆಗಳಲ್ಲಿ ಸಾಲಾಗಿ ತೂತು ಕಾಣುತ್ತವೆ. ಕಲ್ಲು ಸೀಳಲು ಬೆಣೆ ಹೊಡೆಯುತ್ತಿದ್ದ ತೂತುಗಳು. ಸೀಳಿದ ಕಲ್ಲಿನಿಂದ ಗೋಪುರ ಎದ್ದಿತು, ಕಟ್ಟಿಸಿದವರ ಹೆಸರು ಶಾಸನದಲ್ಲಿ ಕೂತಿತು. ಬೆಣೆ ಹೊಡೆದವನ ಸಹಿ ಈ ತೂತುಗಳೇ. ವಿಠ್ಠಲ ಗುಡಿಯ ಟಿಕೆಟ್ ಕಿಂಡಿಯಲ್ಲಿ ಅವನಿಗೆ 600 ರೂಪಾಯಿ, ನಮಗೆ 40. ಅವನು ವಿದೇಶಿ, ನಾವು ಭಾರತೀಯರು ಅಂತ ಬೋರ್ಡು ಹೇಳಿತು. ಇಡೀ ದಿನದಲ್ಲಿ ನಮ್ಮನ್ನು ಬರೀ ಭಾರತೀಯರು ಅಂದದ್ದು ಅದೊಂದೇ ಕಿಂಡಿ.

ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದೆವು. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗಲ್‌ನ ಪಾಯೆಸ್ ಈ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಆ ತೊಗಲು ಸುಲಿದವರು, ಹದ ಮಾಡಿದವರು ಯಾರು ಅಂತ ಬರೆದಿಲ್ಲ. ಬರೆಯದಿದ್ದರೂ ನಮಗೆ ಗೊತ್ತು. ತೊಗಲಿನ ಮೇಲೆ ಕೂತು ಹೊಳೆ ದಾಟಿದವರಿಗೆ ಮೈಲಿಗೆ ಇಲ್ಲ, ಹದ ಮಾಡಿದ ಕೈಗೆ ಮಾತ್ರ ಮೈಲಿಗೆ! ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಮೈಲಿಗೆಗೆ ಇನ್ನೂ ಬದಲಿ ಬಂದಿಲ್ಲ.

ಆನೆಗೊಂದಿ ದಾಟಿ ಗದ್ದೆಗಳ ಬದಿ ನಡೆದೆವು. ತುಂಗಭದ್ರೆಯ ನೀರು ಕುಡಿದ ನೆಲ. ಭತ್ತ ನಾಟಿ ಮಾಡಿ ಬುತ್ತಿ ಬಿಚ್ಚಿದ್ದ ಹೆಣ್ಣುಮಕ್ಕಳು ನಮ್ಮನ್ನು ಕೂಗಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ. ಹಿರಿಯಳೊಬ್ಬಳು ರೊಟ್ಟಿ ಚಾಚಿದವಳು ಕೈ ಅರ್ಧಕ್ಕೆ ನಿಲ್ಲಿಸಿ, "ನಾವು ಕೇರಿಯವರದೀವಿ. ತಿಂತೀರೇನಪಾ?" ಅಂದಳು. ಉಣ್ಣಿಸುವವಳೇ ಹಸಿದವರ ಅಪ್ಪಣೆ ಕೇಳುವ ದೇಶ ಇದು. "ನಾವೂ ಮಾದರ ಹುಡುಗರೇ, ಯವ್ವಾ" ಅಂದೆವು. "ಹಂಗಾರ ಎರಡು ತಿನ್ರಿ" ಅಂದಳು. ಎಲ್ಲರೂ ನಕ್ಕರು. ಫ್ರಾನ್ಸಿನವನೂ ಯಾಕೆಂದು ತಿಳಿಯದೆ ನಕ್ಕ, ಮೂರು ತಿಂದ.

ಹೊತ್ತು ಮುಳುಗುವಾಗ ಮುಂದಿನ ಒಂದು ಊರಿಗೆ ಬಂದೆವು. ಊರ ಹೆಸರು ಬೇಡ. ಅಲ್ಲೊಂದು ಮನೆಯಲ್ಲಿ ಬಂದವರಿಗೆ ಕೋಣೆ ಬಾಡಿಗೆಗೆ ಕೊಡುತ್ತಾರೆ. ಯಜಮಾನರು ಹುಡುಗನ ಪಾಸ್‌ಪೋರ್ಟು, ವೀಸಾ ನೋಡಿ, ವಿದೇಶಿಯರ ಸಿ ಫಾರಂ ತುಂಬಿ, ಚಹಾ ತರಿಸಿದರು. ನಮ್ಮ ಆಧಾರ್ ಕಾರ್ಡು ತಿರುಗಿಸಿ ಮುರುಗಿಸಿ ನೋಡಿದರು. "ಅಡ್ಡಹೆಸರು ಇಲ್ಲಲ್ರಿ. ಯಾವ ಮಂದಿ?" ಅಂದರು. ಹೇಳಿದೆವು. ಎರಡು ಕೋಣೆ ಖಾಲಿ ಇವೆ ಎಂದಿದ್ದವರು, "ಇನ್ನೊಂದಕ್ಕ ಮೊದ್ಲೇ ಹೇಳಿಟ್ಟಾರ. ಮರೆತಿದ್ದೆ" ಅಂದರು.

ಹೊರಗೆ ಬಂದಾಗ ಹುಡುಗ ಏನಾಯಿತೆಂದು ಕೇಳಿದ. ಹೇಳಿದೆವು. "ನೀವೂ ಅವರೂ ನೋಡಲು ಒಂದೇ ಥರ ಇದ್ದೀರಿ. ಅವರಿಗೆ ಹೇಗೆ ಗೊತ್ತಾಗುತ್ತದೆ?" ಅಂದ. "ಗೊತ್ತಾಗೋದಿಲ್ಲ, ಅದಕ್ಕೇ ಕೇಳ್ತಾರೆ" ಅಂದೆವು.

ಬಾಬಾಸಾಹೇಬರು ತಮ್ಮ ಬದುಕಿನ ಇಂಥ ಪ್ರಸಂಗಗಳನ್ನು ಬರೆದಿಟ್ಟ ಪುಸ್ತಕದ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಅಸ್ಪೃಶ್ಯತೆಯ ಸುದ್ದಿ ಕೇಳಿದ್ದರೂ ಅದರ ಬಿಸಿ ಗೊತ್ತಿಲ್ಲದ ವಿದೇಶಿಯರನ್ನು ಮನಸ್ಸಿನಲ್ಲಿಟ್ಟೇ ಅದನ್ನು ಶುರು ಮಾಡಿದ್ದಾರೆ. ಅದರ ತುಂಬ ಪ್ರಯಾಣವೇ. 1901ರಲ್ಲಿ ಹುಡುಗ ಭೀಮ ಅಪ್ಪನನ್ನು ಕಾಣಲು ಹೊರಟು ರೈಲಿಳಿದರೆ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರು, ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. 1934ರಲ್ಲಿ ಗೆಳೆಯರೊಡನೆ ದೌಲತಾಬಾದ್ ಕೋಟೆ ನೋಡಲು ಹೋಗಿ ಹೊಂಡದಲ್ಲಿ ಮುಖ ತೊಳೆದದ್ದಕ್ಕೆ ಕೆರೆ ಕೆಡಿಸಿದರೆಂದು ಗದ್ದಲ ಎದ್ದಿತು. ಆಗ ಅವರು ಬ್ಯಾರಿಸ್ಟರು! ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲರಿಗೂ ಮುಕ್ತ ಎನ್ನುವ ಸಂವಿಧಾನದ 15ನೇ ವಿಧಿಯನ್ನು ಓದುವಾಗ ನಮಗೆ ಆ ಗಾಡಿ, ಆ ಹೊಂಡ ಕಾಣುತ್ತವೆ. 1955ರಲ್ಲೇ ಇದಕ್ಕೆ ಶಿಕ್ಷೆಯ ಕಾನೂನು ಬಂತು, 1989ರಲ್ಲಿ ಇನ್ನೊಂದು ಬಂತು. ಕಾನೂನು ದಿಲ್ಲಿಯಿಂದ ಹೊರಟು ಯಜಮಾನರ ಪಡಸಾಲೆಗೆ ಇನ್ನೂ ಬಂದು ಮುಟ್ಟಿಲ್ಲ. ಅದಕ್ಕೂ ಕೋಣೆ ಸಿಗಲಿಲ್ಲವೋ ಏನೋ.

ಆ ರಾತ್ರಿ ಮೂವರೂ ರೊಟ್ಟಿ ಕೊಟ್ಟ ತಾಯಿಯ ಕೇರಿ ಹುಡುಕಿಕೊಂಡು ಹೋದೆವು. ಹುಡುಗನ ಕೈಯ ನಕ್ಷೆಯಲ್ಲಿ ಕೇರಿ ಇರಲಿಲ್ಲ; ಊರ ಬೆಳಕು ಮುಗಿಯುವ ಕಡೆ ನಡೆದೆವು, ಸಿಕ್ಕಿತು. ಮಂದಿ ಕೂಡಿದರು. ಮುದುಕನೊಬ್ಬ, "ಇವರ ದೇಶದಾಗ ಕೇರಿ ಯಾವ ಕಡಿಗೆ ಇರ್ತೈತಿ ಕೇಳು" ಅಂದ. ಕೇಳಿದೆವು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಪ್ಯಾರಿಸ್ಸಿನ ಹೊರಗಿನ ಎತ್ತರದ ಕಟ್ಟಡಗಳಲ್ಲಿ ಆಫ್ರಿಕಾದಿಂದ ಬಂದವರ ಮಕ್ಕಳು ಇರುತ್ತಾರೆ ಅಂದ. "ಅಲ್ಲೂ ಊರ ಹೊರಗss?" ಅಂದ ಮುದುಕ.

ದೀಪದ ಕೆಳಗೆ ಕೂತು ಅರ್ಜಿ ಬರೆದೆವು. ಆದದ್ದು ಆದಂತೆ. ಸಾಕ್ಷಿಯೆಂದು ಹುಡುಗ ತನ್ನ ಲಿಪಿಯಲ್ಲಿ ಸಹಿ ಹಾಕಿದ. ಮುದುಕ ತಲೆ ಅಲ್ಲಾಡಿಸಿದ: "ನೀವು ನಾಳೆ ಬಸ್ ಹತ್ತತೀರಿ. ನಾವು ಅವರ ಹೊಲಕ್ಕs ಕೂಲಿಗೆ ಹೋಗೋದು." ಆ ಮಾತು ಸುಳ್ಳಲ್ಲ. ಅದಕ್ಕೇ ಕೇರಿಯವರ ಹೆಸರು ಕೇಳಲಿಲ್ಲ, ನಮ್ಮ ಊರು, ನಮ್ಮ ವಿಳಾಸ ಮಾತ್ರ ಹಾಕಿದೆವು.

ರೊಟ್ಟಿ ಬಡಿಯುತ್ತಿದ್ದ ತಾಯಿ, "ಓದಿ ಹೇಳು" ಅಂದಳು. ಓದಿದೆವು. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಹತ್ತಿರ ಬಂದಳು. "ಒಂದು ಸಾಲು ಬಿಟ್ಟೀರಿ. ಊರ ಚಾದಂಗಡ್ಯಾಗ ನಮಗ ಬ್ಯಾರೆ ಲೋಟ ಇಟ್ಟಾರ. ಅದನ್ನೂ ಬರಿ. ಹೆಬ್ಬಟ್ಟು ಎಲ್ಲಿ ಒತ್ತಬೇಕು ತೋರ್ಸು."

ಬರೆದೆವು. ಅರ್ಜಿ ಎರಡು ಪುಟ ಆಯಿತು.